ನಾಯಿಯ ಪಾಲಿನ ರೊಟ್ಟಿ

ಬೆಲ್ಜಿಯಂ ದೇಶದ ಆಗ್ನೇಯದಲ್ಲಿ, ಆರ್ಡೆನ್ ಎಂಬ ಅರಣ್ಯಮಯವಾದ ಎತ್ತರದ ಸೀಮೆಯ ನಡುವೆ, ಸಂತ ಹ್ಯೂಬರ್ಟನ ಹೆಸರನ್ನೇ ಹೊತ್ತಿರುವ ಒಂದು ಚಿಕ್ಕ ಪಟ್ಟಣವಿದೆ. ಪ್ರತಿವರ್ಷ ನವೆಂಬರ್ 3ರಂದು, ಬೇಟೆಯ ಋತುವು ತುಂಬಿ ಮರಗಳು ಎಲೆಯುದುರಿಸಿ ನಿಂತಿರುವ ಕಾಲದಲ್ಲಿ, ಅಲ್ಲಿಯ ದೊಡ್ಡ ಇಗರ್ಜಿಯಲ್ಲಿ ಬೇಟೆಗಾರರ ಕೊಂಬುಗಳ ಧ್ವನಿಯೊಡನೆ ಬಲಿಪೂಜೆ ನಡೆದು, ಪಾದ್ರಿಗಳು ರೊಟ್ಟಿಗಳನ್ನೂ ಪ್ರಾಣಿಗಳನ್ನೂ ಆಶೀರ್ವದಿಸುತ್ತಾರೆ. ಹಿಂದೆ ಆ ಸೀಮೆಯ ಹಳ್ಳಿಗಳಲ್ಲಿಯೂ ನೆರೆಯ ಫ್ಲಾಂಡರ್ಸ್, ಲಿಂಬರ್ಗ್ ಪ್ರಾಂತಗಳಲ್ಲಿಯೂ ಗೃಹಿಣಿಯು ಮನೆಯಲ್ಲಿಯೋ ಊರ ಭಟ್ಟಿಯಲ್ಲಿಯೋ ಸುಟ್ಟ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಮುಂಜಾನೆಯ ಪೂಜೆಗೆ ಹೋಗಿ, ಅದನ್ನು ಮಂತ್ರಿಸಿಕೊಂಡು ಬಂದು, ಬರಿಹೊಟ್ಟೆಯಲ್ಲಿದ್ದ ಮನೆಮಂದಿಗೆಲ್ಲ ಒಂದೊಂದು ತುಂಡನ್ನು ಹಂಚಿ, ಆಮೇಲೆ ಕೊಟ್ಟಿಗೆಯ ದನಗಳಿಗೂ ಲಾಯದ ಕುದುರೆಗೂ ಬಾಗಿಲ ನಾಯಿಗೂ ತಪ್ಪದೆ ಪಾಲು ಕೊಡುತ್ತಿದ್ದಳು. ಉಳಿದ ಒಂದು ಚೂರು ಮುಂದಿನ ವರ್ಷದವರೆಗೆ ಬೀರುವಿನಲ್ಲಿ ಕಾದಿರುತ್ತಿತ್ತು.

ಇಂದು ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಶರತ್ಕಾಲ ಬಂದೊಡನೆ ಸಿಹಿಗುಂಬಳದ ತಿರುಳನ್ನು ಓಟ್ಸ್ ಹಿಟ್ಟಿನೊಡನೆ ಕಲಸಿ, ಕ್ರಿಸ್‌ಮಸ್ ಸಮೀಪಿಸಿದೊಡನೆ ಅದೇ ಹಿಟ್ಟನ್ನು ನಕ್ಷತ್ರದ ಆಕಾರದಲ್ಲಿಯೂ ಎಲುಬಿನ ಆಕಾರದಲ್ಲಿಯೂ ಕತ್ತರಿಸಿ, ಮನೆಯ ಓವನ್ನಿನಲ್ಲಿ ಸುಟ್ಟು ನಾಯಿಗೆ ತಿನ್ನಿಸುವ ಗೃಹಸ್ಥರನ್ನು ಕಂಡು, ಉಂಡು ಹೆಚ್ಚಾದವರ ಚೇಷ್ಟೆಯಿದು ಎಂದು ಮೂಗು ಮುರಿಯುವವರುಂಟು. ಆ ಆಕ್ಷೇಪದಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಇದನ್ನು ಹೊಸ ಹುಚ್ಚೆಂದು ಕರೆಯುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಅಂಗಡಿಯಲ್ಲಿ ಮಾರುವ ನಾಯಿಬಿಸ್ಕತ್ತಿನ ವಯಸ್ಸು ನೂರ ಅರುವತ್ತು ವರ್ಷಗಳ ಆಸುಪಾಸು. ನಾಯಿಗೆ ಹಾಕುವ ರೊಟ್ಟಿಗಾದರೋ ಎರಡು ಸಾವಿರ ವರ್ಷಗಳ ಹಿಂದಿನ ಲಿಖಿತ ಸಾಕ್ಷ್ಯವಿದೆ. ಈ ದೀರ್ಘಾವಧಿಯಲ್ಲಿ ಬದಲಾಗಿರುವುದು ರೊಟ್ಟಿಗಿಂತ ಹೆಚ್ಚಾಗಿ, ಅದನ್ನು ಸುಡುವವರ ಮನಸ್ಸಿನಲ್ಲಿದ್ದ ಭಯ.

ಹ್ಯೂಬರ್ಟನು ಮಾಸ್ಟ್ರಿಕ್ಟ್ ಮತ್ತು ಲಿಯೇಜ್ ನಗರಗಳಲ್ಲಿ ಬಿಷಪ್ಪನಾಗಿದ್ದು ಕ್ರಿ.ಶ. 727ರಲ್ಲಿ ಕಾಲವಾದವನು. ಅವನ ಅಸ್ಥಿಗಳನ್ನು 825ರಲ್ಲಿ ಆರ್ಡೆನ್ನಿನ ಬೆನೆಡಿಕ್ಟೀನ್ ಮಠಕ್ಕೆ ತಂದಿರಿಸಿದ ಮೇಲೆ ಮಠಕ್ಕೂ ಅದರ ಸುತ್ತ ಬೆಳೆದ ಊರಿಗೂ ಅವನ ಹೆಸರೇ ನಿಂತಿತು. ಕೊಂಬುಗಳ ನಡುವೆ ಶಿಲುಬೆಯನ್ನು ಧರಿಸಿದ ಸಾರಂಗವೊಂದು ಶುಭ ಶುಕ್ರವಾರದ ದಿನ ಬೇಟೆಗೆ ಹೊರಟಿದ್ದ ಅವನಿಗೆ ಎದುರಾಗಿ ಅವನ ಮನಸ್ಸನ್ನು ತಿರುಗಿಸಿತೆಂಬ ಪ್ರಸಿದ್ಧವಾದ ಕಥೆಯು ವಸ್ತುತಃ ಸಂತ ಯೂಸ್ಟೇಸನದು; ಮಧ್ಯಯುಗದ ಕೊನೆಯಲ್ಲಿ ಅದು ಇವನಿಗೆ ಬಂದು ಅಂಟಿಕೊಂಡಿತು. ಸಂತರ ಚರಿತ್ರೆಗಳಲ್ಲಿ ಇಂಥ ಸಾಲಗಳು ವಿರಳವಲ್ಲ, ಮತ್ತು ಯಾರೂ ಅದನ್ನು ತೀರಿಸಬೇಕೆಂದು ಕೇಳುವುದೂ ಇಲ್ಲ. ಬೇಟೆಗಾರರ ಸಂತನಾದವನು ಬೇಟೆನಾಯಿಗಳ ಸಂತನೂ ಆದನು. ನಾಯಿಗಳ ಸಂತನಾದವನಿಗೆ ನಾಯಿಯಿಂದ ಬರುವ ಅತಿಘೋರವಾದ ವ್ಯಾಧಿಯ ಹೊಣೆಯೂ ಬಂದು ಸೇರಿತು.

ಹುಚ್ಚುನಾಯಿಯ ಕಡಿತಕ್ಕೆ ಮದ್ದೇ ಇಲ್ಲದಿದ್ದ ಆ ಶತಮಾನಗಳಲ್ಲಿ ಮಠದ ಚಿಕಿತ್ಸೆಯ ವಿಧಾನವನ್ನು ಇಂದು ಓದುವವರಿಗೆ ಮೈ ಜುಮ್ಮೆನ್ನದೆ ಇರದು. ಕಡಿತಕ್ಕೆ ಒಳಗಾದವನು ಮಠಕ್ಕೆ ಬಂದರೆ ಸಂನ್ಯಾಸಿಯೊಬ್ಬನು ಅವನ ಹಣೆಯ ಚರ್ಮವನ್ನು ಸ್ವಲ್ಪವೇ ಕೊಯ್ದು, ದೇವಮಾತೆಯೇ ಸಂತನಿಗೆ ಕಳುಹಿಸಿದಳೆಂದು ನಂಬಲಾಗಿದ್ದ ಪೂಜಾವಸ್ತ್ರದ ಒಂದು ಎಳೆಯನ್ನು ಆ ಗಾಯದಲ್ಲಿ ಹುದುಗಿಸಿ, ಪಟ್ಟಿ ಕಟ್ಟುತ್ತಿದ್ದನು. ಅನಂತರ ಒಂಬತ್ತು ದಿನಗಳ ವ್ರತ: ಪಾಪನಿವೇದನೆ, ಶುಭ್ರವಾದ ಹಾಸಿಗೆಯಲ್ಲಿ ಏಕಾಂತ ಶಯನ, ತಣ್ಣಗಿನ ನಿಯತಾಹಾರ, ನಲವತ್ತು ದಿನಗಳವರೆಗೆ ತಲೆಯನ್ನು ಬಾಚುವಂತಿಲ್ಲ. ಹೀಗೆ ಕೊಯ್ಸಿಕೊಂಡವನಿಗೆ, ಹೊಸದಾಗಿ ಕಡಿಸಿಕೊಂಡು ಮಠದವರೆಗೆ ಬರಲಾರದ ಬೇರೊಬ್ಬನಿಗೆ ನಲವತ್ತು ದಿನಗಳ ಗಡುವು ಕೊಡುವ ಅಧಿಕಾರವೂ ಪ್ರಾಪ್ತವಾಗುತ್ತಿತ್ತು. ಪ್ಯಾರಿಸ್ಸಿನ ದೇವಶಾಸ್ತ್ರಜ್ಞರು 17ನೆಯ ಶತಮಾನದಲ್ಲಿ ಇದನ್ನು ಮೂಢಾಚಾರವೆಂದು ಖಂಡಿಸಿದರೂ ಯಾತ್ರಿಕರ ಸಂಖ್ಯೆ ಅದರಿಂದ ಕುಗ್ಗಲಿಲ್ಲ. ಹುಚ್ಚುನಾಯಿ ಕಡಿದವರೆಲ್ಲರಿಗೂ ರೋಗ ಬಾರದೆಂಬುದೂ, ಬರುವವರಿಗೂ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬರುವುದೆಂಬುದೂ ಇಂದು ನಮಗೆ ತಿಳಿದಿದೆ. ಅಂದು ಬದುಕಿ ಮನೆಗೆ ಹಿಂದಿರುಗಿದ ಪ್ರತಿಯೊಬ್ಬನೂ ಹಣೆಯ ಮೇಲಿನ ಕಲೆಯೊಡನೆ ಸಂತನ ಮಹಿಮೆಗೆ ಸಾಕ್ಷಿಯಾಗಿ ತಿರುಗಾಡುತ್ತಿದ್ದನು.

ನಾಯಿಗಳಿಗೆ ಎರಡು ಉಪಾಯಗಳಿದ್ದುವು. ಒಂದು, ಸಂತನ ಕೀಲಿಯೆಂದು ಕರೆಯುತ್ತಿದ್ದ ಕಬ್ಬಿಣದ ಕಡ್ಡಿಯನ್ನು ಕೆಂಪಗೆ ಕಾಯಿಸಿ ಹಣೆಗೆ ಬರೆಯೆಳೆಯುವುದು. ಇನ್ನೊಂದು, ಮಂತ್ರಿಸಿದ ರೊಟ್ಟಿ. ಮೊದಲನೆಯದನ್ನು ಒಲ್ಲದ ಕರುಣಾಳುಗಳು ಎರಡನೆಯದನ್ನು ಹೆಚ್ಚಾಗಿ ಆಶ್ರಯಿಸಿರಬೇಕೆಂದು ಊಹಿಸುವುದರಲ್ಲಿ ತಪ್ಪಿಲ್ಲ. ಆ ರೊಟ್ಟಿಯಲ್ಲಿ ಪ್ರೀತಿಯ ಅಂಶ ಎಷ್ಟಿತ್ತೋ ಅದನ್ನು ಅಳೆಯುವವರಾರು? ಆದರೆ ಬೆಳದಿಂಗಳಲ್ಲಿ ಮನೆ ಕಾಯುವ ಪ್ರಾಣಿಯೇ ಒಂದು ದಿನ ಜೊಲ್ಲು ಸುರಿಸುತ್ತ ಮಗುವಿನ ಮೇಲೆ ಬಿದ್ದೀತೆಂಬ ಭೀತಿ ಅದರಲ್ಲಿ ಬೆರೆತಿತ್ತೆಂಬುದು ನಿಶ್ಚಯ. ಒಂದೇ ರೊಟ್ಟಿಯನ್ನು ಮಗುವೂ ನಾಯಿಯೂ ಹಂಚಿಕೊಂಡು ತಿಂದರೆ ಇಬ್ಬರ ನಡುವೆ ಒಂದು ಶಾಂತಿ ಏರ್ಪಟ್ಟಂತೆ.

1885ರ ಜುಲೈ 6ರಂದು ಆಲ್ಸೇಸ್ ಪ್ರಾಂತದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರನ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕಲಾಯಿತು, ಹುಡುಗ ಬದುಕಿದನು. ಆ ವಿದ್ಯೆಯು ನಮ್ಮ ದಿಕ್ಕಿಗೂ ಬಹುಬೇಗ ತಲಪಿತು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯನು 1911ರಲ್ಲಿ ರೂಪಿಸಿದ ಲಸಿಕೆಯು ದೇಶದಲ್ಲೆಲ್ಲ ಹರಡಿತು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂದು ನಮ್ಮ ಹಿಂದಿನ ತಲೆಮಾರಿನವರು ನಾಯಿಯನ್ನು ಕೆಣಕುವ ಮಕ್ಕಳನ್ನು ಹೆದರಿಸುತ್ತಿದ್ದುದಕ್ಕೆ ಮೂಲ ಇದೇ. ಸಂತನ ರೊಟ್ಟಿಗೆ ಇದ್ದ ವೈದ್ಯಕೀಯ ಪ್ರಯೋಜನವು ಅಲ್ಲಿಗೆ ಮುಗಿಯಿತು. ರೊಟ್ಟಿ ಮಾತ್ರ ಮುಗಿಯಲಿಲ್ಲ. ಕಾರಣ ಹೋದ ಮೇಲೂ ಆಚಾರ ನಿಲ್ಲುವುದನ್ನು ನಾವು ಎಷ್ಟು ಕಡೆ ಕಂಡಿಲ್ಲ!

ಸಂತನಿಗಿಂತ ಹಿಂದಕ್ಕೆ ಹೋದರೆ ರೋಮನರ ಕೃಷಿಗ್ರಂಥಗಳು ಸಿಗುತ್ತವೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾರೋ, ಕುರಿಮಂದೆಯನ್ನು ಕಾಯುವ ನಾಯಿಗಳಿಗೆ ಬಾರ್ಲಿಯ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಹಾಕಬೇಕೆಂದೂ, ಸತ್ತ ಕುರಿಯ ಮಾಂಸವನ್ನು ಮಾತ್ರ ತಿನ್ನಗೊಡಬಾರದೆಂದೂ, ಅದರ ರುಚಿ ಹತ್ತಿದರೆ ಬದುಕಿರುವ ಕುರಿಯ ವಿಷಯದಲ್ಲಿ ಸಂಯಮ ಉಳಿಯದೆಂದೂ ಬರೆದಿದ್ದಾನೆ. ಅವನ ಅನಂತರದ ಕೊಲುಮೆಲ್ಲ, ಹಾಲೊಡೆದ ನೀರಿನಲ್ಲಿ ಕಲಸಿದ ಬಾರ್ಲಿಹಿಟ್ಟನ್ನೂ, ಹಾಲು ಸಿಗದ ಕಡೆ ಅವರೆಜಾತಿಯ ಕಾಳು ಬೇಯಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಗೋಧಿರೊಟ್ಟಿಯನ್ನೂ ವಿಧಿಸುತ್ತಾನೆ. ಗ್ರೀಕರಲ್ಲಿ ಊಟದ ಪಂಕ್ತಿಯಲ್ಲಿ ಕೈ ಒರಸಿಕೊಳ್ಳಲು ರೊಟ್ಟಿಯ ಮೆದುಭಾಗವನ್ನು ಉಪಯೋಗಿಸಿ, ಆ ಜಿಡ್ಡಿನ ಉಂಡೆಯನ್ನು ನಾಯಿಗೆ ಎಸೆಯುವ ಪದ್ಧತಿಯಿದ್ದಿತು. ಇವೆಲ್ಲ ದಿನನಿತ್ಯದ ಕೂಲಿ, ಹಬ್ಬದ ಪಾಲಲ್ಲ. ವಿಶೇಷದ ಪಾಲನ್ನು ಕಾಣಬೇಕಾದರೆ ಮಧ್ಯಯುಗದ ಫ್ರಾನ್ಸಿನ ಬೇಟೆಗೇ ಬರಬೇಕು. ಫ್ವಾ ಸೀಮೆಯ ದೊರೆ ಗಾಸ್ತೋ ಫೇಬ್ಯೂ 1387ರಲ್ಲಿ ಬರೆಯಲಾರಂಭಿಸಿದ ಬೇಟೆಯ ಮಹಾಗ್ರಂಥ, ನಾಯಿಗಳ ವಸತಿ, ಶುಶ್ರೂಷೆ, ರೋಗಗಳಿಗೆಲ್ಲ ಅಧ್ಯಾಯಗಳನ್ನು ಮೀಸಲಿಟ್ಟಿದೆ. ಸಾರಂಗ ಬಿದ್ದ ದಿನ ಅದರ ತೊಗಲನ್ನು ನೆಲದ ಮೇಲೆ ಹರಡಿ, ಅದರ ಮೇಲೆ ನೆತ್ತರಿನಲ್ಲಿ ನೆನೆದ ರೊಟ್ಟಿಯನ್ನೂ ಕರುಳನ್ನೂ ಬೆರೆಸಿ, ಕೊಂಬೂದಿ ನಾಯಿಗಳನ್ನು ಕರೆದು ಉಣ್ಣಿಸುವುದು ಆ ಕಾಲದ ಬೇಟೆಯ ಸಮಾರೋಪವಿಧಿ. ಅಂದಿನ ಅರಮನೆಯ ಅಡುಗೆಯವರಿಗೆ ಇದು ಹೇಸಿಗೆಯೆನಿಸಲಿಲ್ಲ; ನಾಯಿಗಳಿಗಂತೂ ಇಂದಿನ ಸಿಹಿಗುಂಬಳಕ್ಕಿಂತ ಇದೇ ರುಚಿಸಿರಬೇಕು.

ಕಾಲದ ಪಂಚಾಂಗದಲ್ಲಿ ನಾಯಿಗೆ ಒಂದು ದಿನವನ್ನು ಗೊತ್ತುಮಾಡಿ ತಿನ್ನಿಸುವ ಆಚಾರಗಳೆಲ್ಲವೂ ಒಂದೇ ಮನೋಧರ್ಮದಿಂದ ಹುಟ್ಟಿದುವಲ್ಲ. ಸ್ಕಾಟ್ಲೆಂಡಿನ ಬ್ರೆಡಾಲ್ಬೇನ್ ಎಂಬ ಬೆಟ್ಟಸೀಮೆಯಲ್ಲಿ ಹೊಸವರ್ಷದ ದಿನ ನಾಯಿಯನ್ನು ಬಾಗಿಲಿಗೆ ಕರೆದು, ಒಂದು ತುಂಡು ರೊಟ್ಟಿ ಕೊಟ್ಟು, ಈ ವರ್ಷ ಈ ಮನೆಗೆ ಒದಗಬಹುದಾದ ಮನುಷ್ಯರ ಸಾವೂ ದನಗಳ ನಷ್ಟವೂ ನಿನ್ನ ತಲೆಯ ಮೇಲೆ ಬೀಳಲಿ ಎಂಬ ಅರ್ಥದ ಮಾತಾಡಿ ಹೊರಕ್ಕೆ ಅಟ್ಟುತ್ತಿದ್ದರೆಂದು ಜೇಮ್ಸ್ ಫ್ರೇಜರ್ ದಾಖಲಿಸಿದ್ದಾನೆ. ಇಷ್ಟು ಅಗ್ಗದ ಬೆಲೆಗೆ ಇಷ್ಟು ದೊಡ್ಡ ಹೊರೆಯನ್ನು ಹೊರಿಸಿದ ವ್ಯವಹಾರ ಮತ್ತೊಂದನ್ನು ನಾನು ಕೇಳಿಲ್ಲ. ನೇಪಾಳದ ತಿಹಾರ್ ಹಬ್ಬದ ಎರಡನೆಯ ದಿನವಾದರೋ, ಕಾರ್ತಿಕದ ಕೃಷ್ಣ ಚತುರ್ದಶಿಯಂದು, ಸಾಕಿದ ನಾಯಿಗೂ ಬೀದಿನಾಯಿಗೂ ಹಣೆಗೆ ತಿಲಕವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ಹಬ್ಬಕ್ಕೆಂದು ಕರಿದ ಅಕ್ಕಿಹಿಟ್ಟಿನ ಸೇಲ್ ರೊಟ್ಟಿ ಮೊದಲಾದುವನ್ನು ತಿನ್ನಿಸುತ್ತಾರೆ. ಅಲ್ಲಿ ನಾಯಿ ಯಮನ ದೂತ. ಸರಮೆಯ ಮಕ್ಕಳಾದ ಶ್ಯಾಮ ಶಬಲರ ನೆನಪೂ, ಸ್ವರ್ಗದ ಬಾಗಿಲಲ್ಲಿ ಧರ್ಮರಾಯನು ಕೈಬಿಡದ ನಾಯಿಯ ನೆನಪೂ ಆ ಆಚಾರದ ಹಿಂದಿವೆ. ಹವಿಸ್ಸನ್ನು ಮೂಸಿಯೂ ನೋಡದಿದ್ದ ಸರಮೆಯ ಮರಿಯನ್ನು ಜನಮೇಜಯನ ತಮ್ಮಂದಿರು ಹೊಡೆದಟ್ಟಿದ್ದರಿಂದ ಆ ರಾಜನಿಗೆ ಶಾಪ ತಟ್ಟಿತೆಂಬ ಭಾರತದ ಆದಿಪರ್ವದ ಕಥೆಯನ್ನು ಬಲ್ಲವರು, ಯಜ್ಞಶಾಲೆಯ ಬಾಗಿಲಲ್ಲಿ ನಾಯಿಗೂ ಒಂದು ಹಕ್ಕಿದ್ದಿತೆಂದು ವಾದಿಸಿದರೂ ತಪ್ಪಾಗದು.

ನಮ್ಮ ನಾಡಿನಲ್ಲಿ ಇದಕ್ಕೆ ಒಂದು ವಿಲಕ್ಷಣವಾದ ಸಾದೃಶ್ಯವಿದೆ. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949–50ರ ಶಿಲಾಶಾಸನವು ಚೋಳ ರಾಷ್ಟ್ರಕೂಟರ ತಕ್ಕೋಲ ಯುದ್ಧವನ್ನು ಹೇಳುವುದಕ್ಕಾಗಿ ವಿದ್ವಾಂಸರಲ್ಲಿ ಪ್ರಸಿದ್ಧ. ಆದರೆ ಅದು ನಿಂತುದು ನಾಯಿಯೊಂದರ ಸಲುವಾಗಿ. ಗಂಗ ಬೂತುಗನ ಭಟನಾದ ಮಣಲೆರನು, ಒಡೆಯನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಭೂಮಿಯನ್ನೂ ಬೇಡದೆ ಹೊನ್ನನ್ನೂ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತುವು. ಮಣಲೆರನು ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದನು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಶಾಸನದಲ್ಲಿ ಕಟ್ಟುಮಾಡಿದನು. ಬದುಕಿರುವಾಗ ನಾಯಿ ಯಜಮಾನನ ಊಟ ಮುಗಿಯುವವರೆಗೆ ಕಾಯುತ್ತದೆ. ಇಲ್ಲಿ ಸತ್ತ ನಾಯಿಗಾಗಿ ಮನುಷ್ಯನು ತನ್ನ ಊಟವನ್ನು ತಡೆಹಿಡಿಯಬೇಕಾಯಿತು.

ಇನ್ನು ಅಂಗಡಿಯ ಬಿಸ್ಕತ್ತಿನ ವೃತ್ತಾಂತ. ಅಮೆರಿಕದ ಓಹಾಯೋ ಸಂಸ್ಥಾನದಿಂದ ಸಿಡಿಲುಕಡ್ಡಿಗಳನ್ನು ಮಾರಲು ಲಂಡನ್ನಿಗೆ ಬಂದ ಜೇಮ್ಸ್ ಸ್ಪ್ರಾಟ್ ಎಂಬ ವ್ಯಾಪಾರಿ, ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಗಟ್ಟಿ ಬಿಸ್ಕತ್ತುಗಳನ್ನು ಬೀದಿನಾಯಿಗಳು ಕಿತ್ತಾಡಿ ತಿನ್ನುತ್ತಿದ್ದುದನ್ನು ಕಂಡು, ಸಿಡಿಲಿಗಿಂತ ಹಸಿವು ಒಳ್ಳೆಯ ಗಿರಾಕಿಯೆಂದು ನಿಶ್ಚಯಿಸಿದನಂತೆ. ಕಥೆಯಲ್ಲಿ ಅಲಂಕಾರದ ಪಾಲಿದ್ದೀತು. ಆದರೆ 1860ರ ಸುಮಾರಿಗೆ ಗೋಧಿ, ತರಕಾರಿ, ಬೀಟ್‌ರೂಟ್, ಒಣಗಿಸಿದ ಗೋಮಾಂಸದ ಸತ್ತ್ವ ಇವುಗಳಿಂದ ಅವನು ನಾಯಿಗಳಿಗೆಂದೇ ಬಿಸ್ಕತ್ತು ಮಾಡಿಸಿ ಮಾರಿದುದು ನಿಜ. ಕೊಳ್ಳುವವರು ಬೇಟೆಯ ಗೀಳಿನ ಶ್ರೀಮಂತರು. ಹಡಗಿನ ಬಿಸ್ಕತ್ತಿನ ಗುಣ ನೀರಿನಂಶ ತೀರ ಕಡಮೆಯಿರುವ ಒಣತನ. ತಿಂಗಳುಗಟ್ಟಲೆ ಬೂಷ್ಟು ಹಿಡಿಯದೆ ಉಳಿಯುವ ಆ ಒಣತನದಿಂದಲೇ ಅದು ಗೋದಾಮಿಗೂ ರೈಲಿಗೂ ಒಗ್ಗುವ ಸರಕಾಯಿತು. ಮನೆಯ ರೊಟ್ಟಿ ಸರಕಾಗಲಾರದೆ ಇದ್ದುದೂ ಅದಕ್ಕೇ: ಅದು ಮೂರನೆಯ ದಿನಕ್ಕೆ ಹಳಸುತ್ತಿತ್ತು.

ಸ್ಪ್ರಾಟ್ ಸಂಸ್ಥೆಗೆ ಹುಡುಗನಾಗಿ ಸೇರಿದ ಚಾರ್ಲ್ಸ್ ಕ್ರಫ್ಟ್ ಅಕ್ಕಸಾಲಿಗನಾದ ತಂದೆಯ ಅಂಗಡಿಯನ್ನು ಒಲ್ಲದೆ ಬಂದವನು. ಬಿಸ್ಕತ್ತು ಮಾರುತ್ತ ಊರೂರು ತಿರುಗಿದ ಅವನಿಗೆ, ನಾಯಿಯ ಕುಲಗೌರವವನ್ನು ಬೆಳಸಿದರೆ ಬಿಸ್ಕತ್ತಿನ ಮಾರಾಟ ತಾನಾಗಿ ಬೆಳೆಯುವುದೆಂಬ ತತ್ತ್ವ ಹೊಳೆಯಿತು. 1886ರಲ್ಲಿ ಟೆರಿಯರ್ ನಾಯಿಗಳ ಪ್ರದರ್ಶನವನ್ನೂ, 1891ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ ತನ್ನ ಹೆಸರಿನ ಮಹಾಪ್ರದರ್ಶನವನ್ನೂ ನಡೆಸಿದನು. ಸಂಸ್ಥೆಯ ಪ್ರಚಾರಪತ್ರಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಸಿಮಾಂಸವು ನಾಯಿಯ ನೆತ್ತರನ್ನು ಕಾಯಿಸುತ್ತದೆ, ಮನೆಯ ಎಂಜಲು ಅದರ ಜೀರ್ಣಶಕ್ತಿಯನ್ನು ಕೆಡಿಸಿ ಅಕಾಲದಲ್ಲಿ ಮುದಿಯಾಗಿಸುತ್ತದೆ ಎಂದು ಸಾರಿದುವು. ಈ ವ್ಯಾಪಾರದ ನಿಜವಾದ ಜಾಣ್ಮೆ ಹಿಟ್ಟಿನಲ್ಲಿರಲಿಲ್ಲ, ಈ ಮಾತಿನಲ್ಲಿತ್ತು. ಸಾವಿರಾರು ವರ್ಷ ನಾಯಿಯನ್ನು ಸಾಕಿದ್ದ ಅಡುಗೆಮನೆಯೇ ನಾಯಿಗೆ ಅಪಾಯದ ಸ್ಥಳವೆಂದು ಗೃಹಿಣಿಗೆ ಅನುಮಾನ ಹುಟ್ಟಿಸಿದ ಮೇಲೆ ಉಳಿದುದೆಲ್ಲ ಸುಲಭವಾಯಿತು. ಮನುಷ್ಯನು ನಾಯಿಗಾಗಿ ಪಡುವ ಭಯ ಇಲ್ಲಿಂದ ಮೊದಲಾಯಿತೆಂದು ನನ್ನ ಅಭಿಪ್ರಾಯ. ಅದನ್ನು ಬಿತ್ತಿದವರು ಲಾಭಕ್ಕಾಗಿ ಬಿತ್ತಿದರು, ಅದು ನಿಷ್ಕಪಟವಾದ ಪ್ರೀತಿಯಾಗಿಯೂ ಬೆಳೆಯಿತು. 1908ರಲ್ಲಿ ನ್ಯೂಯಾರ್ಕಿನ ಬೆನೆಟ್ ಬಿಸ್ಕತ್ತು ಕಂಪನಿಯು ಹಾಲು ಬೆರೆಸಿದ, ಎಲುಬಿನ ಆಕಾರದ ತಿನಿಸನ್ನು ಹೊರಡಿಸಿತು. ಮಿಲ್ಕ್‌ಬೋನ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದ ಅದು 1931ರಲ್ಲಿ ನ್ಯಾಷನಲ್ ಬಿಸ್ಕತ್ತು ಕಂಪನಿಯ ಪಾಲಾಯಿತು. ಇಂದು ಮನೆಯಲ್ಲಿ ಮಾಡುವವರೂ ಎಲುಬಿನ ಅಚ್ಚನ್ನೇ ಹುಡುಕುವರಲ್ಲ, ಆ ಅಚ್ಚು ಕಾರ್ಖಾನೆಯ ಕೊಡುಗೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರ ಬ್ರಿಟಿಷ್ ಕಟ್ಟಳೆಯೊಂದು ಮನುಷ್ಯರು ತಿನ್ನಬಹುದಾದ ಆಹಾರವನ್ನು ವ್ಯರ್ಥಮಾಡುವುದನ್ನು ಅಪರಾಧವೆಂದು ಸಾರಿದಾಗ ನಾಯಿಗೆ ಒಳ್ಳೆಯ ರೊಟ್ಟಿ ಹಾಕುವುದೂ ದಂಡಕ್ಕೆ ಗುರಿಯಾಗುವ ಕೃತ್ಯವಾಯಿತು. ಯುದ್ಧಾನಂತರದ ಸಮೃದ್ಧಿಯಲ್ಲಿ ಡಬ್ಬಿಯ ಆಹಾರವೂ ಕಾಳುಕಾಳಾದ ಒಣ ಆಹಾರವೂ ಗೆದ್ದುವು. ಆ ವಿಶ್ವಾಸಕ್ಕೆ ದೊಡ್ಡ ಪೆಟ್ಟು ಬಿದ್ದುದು 2007ರ ಮಾರ್ಚಿಯಲ್ಲಿ. ಚೀನಾದಿಂದ ಉತ್ತರ ಅಮೆರಿಕಕ್ಕೆ ಬಂದ ಗೋಧಿಯ ಅಂಟಿನಲ್ಲಿ, ಪರೀಕ್ಷೆಯಲ್ಲಿ ಪ್ರೋಟೀನು ಹೆಚ್ಚೆಂದು ತೋರುವಂತೆ, ಮೆಲಮೈನ್ ಎಂಬ ರಾಸಾಯನಿಕವನ್ನು ಬೆರೆಸಲಾಗಿತ್ತು. ಅದರಿಂದ ಮಾಡಿದ ಆಹಾರ ತಿಂದ ನಾಯಿಬೆಕ್ಕುಗಳ ಮೂತ್ರಪಿಂಡಗಳು ಕೆಟ್ಟು, ಬಗೆಬಗೆಯ ಹೆಸರಿನ ಡಬ್ಬಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಬೇಕಾಯಿತು. ಮನೆಯ ಎಂಜಲು ಅಪಾಯವೆಂದು ಕಲಿತಿದ್ದ ಜನ ಕಾರ್ಖಾನೆಯ ಡಬ್ಬಿಯನ್ನೂ ನಂಬಲಾರದೆ ಮತ್ತೆ ಒಲೆಯ ಕಡೆಗೆ ತಿರುಗಿದರು. ಅವರು ಕೈಗೆತ್ತಿಕೊಂಡ ರೊಟ್ಟಿ ನಾಯಿಯ ಜಾತಿಗೆ ಅಪರಿಚಿತವೂ ಆಗಿರಲಿಲ್ಲ. ತೋಳಕ್ಕೆ ಪಿಷ್ಟವನ್ನು ಅರಗಿಸುವ ಜೀನಿನ ಎರಡೇ ಪ್ರತಿಗಳಿದ್ದರೆ ನಾಯಿಗಳಿಗೆ ನಾಲ್ಕರಿಂದ ಮೂವತ್ತರವರೆಗೆ ಇವೆಯೆಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ವಾರೋನ ಬಾರ್ಲಿರೊಟ್ಟಿಗಿಂತ ಎಷ್ಟೋ ಹಿಂದಿನ ಹೊಲಗದ್ದೆಗಳ ಎಂಜಲು ನಾಯಿಯ ದೇಹದಲ್ಲಿಯೇ ಬರೆಯಲ್ಪಟ್ಟಿದೆ.

ಮನೆಯ ಬಿಸ್ಕತ್ತಿನ ಕ್ರಮ ಕಷ್ಟದ್ದಲ್ಲ. ಗೋಧಿಯ ಅಥವಾ ಓಟ್ಸಿನ ಹಿಟ್ಟು, ಬೇಯಿಸಿ ಹಿಸುಕಿದ ಸಿಹಿಗುಂಬಳ, ಒಂದು ಮೊಟ್ಟೆ, ಉಪ್ಪಿಲ್ಲ, ಸಕ್ಕರೆಯಿಲ್ಲ. ಗಟ್ಟಿಯಾಗಿ ನಾದಿ, ಲಟ್ಟಿಸಿ, ಕತ್ತರಿಸಿ, ಹದವಾದ ಕಾವಿನಲ್ಲಿ ಸುಟ್ಟ ಮೇಲೆ ಓವನ್ನನ್ನು ಆರಿಸಿ ಒಳಗೇ ಬಿಟ್ಟರೆ ಉಳಿದ ಕಾವಿನಲ್ಲಿ ಅವು ಒಣಗಿ, ನಾವಿಕರ ಬಿಸ್ಕತ್ತಿನಂತೆ ಬಹುದಿನ ಇರುತ್ತವೆ. ಕಷ್ಟವಿರುವುದು ಹಬ್ಬದಲ್ಲಿ. ಕ್ರಿಸ್‌ಮಸ್ಸಿನ ಇಂಗ್ಲಿಷ್ ಅಡುಗೆಮನೆಯ ಮುಖ್ಯ ಸಂಭಾರಗಳಾದ ಒಣದ್ರಾಕ್ಷಿ, ಚಾಕೊಲೇಟು, ಜಾಯಿಕಾಯಿ ಇವೆಲ್ಲವೂ ನಾಯಿಗೆ ವಿಷ. ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿ ಸಕ್ಕರೆಯ ಬದಲಿಗೆ ಹಾಕುವ ಜೈಲಿಟಾಲ್ ಅವೆಲ್ಲಕ್ಕಿಂತ ಶೀಘ್ರವಾಗಿ ಕೊಲ್ಲುತ್ತದೆ. ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುವುದನ್ನು ಪಶುವೈದ್ಯರು ಈ ಶತಮಾನದ ಆರಂಭದಿಂದಲೇ ಬಲ್ಲರಾದರೂ, ಅದರೊಳಗಿನ ವಿಷ ಯಾವುದೆಂಬುದು ಬಹುಕಾಲ ಬಿಡಿಸಲಾರದ ಒಗಟಾಗಿತ್ತು. ಮಕ್ಕಳ ಆಟಕ್ಕೆಂದು ಮನೆಯಲ್ಲಿ ಕಲಸಿಟ್ಟ ಉಪ್ಪುಹಿಟ್ಟಿನ ಮುದ್ದೆಯನ್ನು ತಿಂದ ನಾಯಿಯಲ್ಲಿಯೂ ಅದೇ ಲಕ್ಷಣಗಳು ಕಂಡುಬಂದಾಗ, ಆ ಮುದ್ದೆಗೆ ಹಾಕಿದ್ದ ಕ್ರೀಮ್ ಆಫ್ ಟಾರ್ಟರ್ ಎಂಬ ಪುಡಿಯತ್ತ ಅನುಮಾನ ಹರಿಯಿತು. ಅದರಲ್ಲಿಯೂ ದ್ರಾಕ್ಷಿಯಲ್ಲಿಯೂ ಇರುವ ಟಾರ್ಟಾರಿಕ್ ಆಮ್ಲವೇ ಕಾರಣವಾಗಿರಬಹುದೆಂದು 2021ರಲ್ಲಿ ಅಮೆರಿಕದ ವಿಷವೈದ್ಯರು ಸೂಚಿಸಿದರು. ಆ ಆಮ್ಲವು ನಮ್ಮ ಹುಣಸೆಹಣ್ಣಿನಲ್ಲಿಯೂ ಯಥೇಚ್ಛವಾಗಿದೆ, ಮತ್ತು ಹುಣಸೆ ತಿಂದ ನಾಯಿಗಳಿಗೂ ಅದೇ ಬಗೆಯ ಕೇಡು ಆದುದನ್ನು ವೈದ್ಯರು ಕಂಡಿದ್ದಾರೆ. ಪ್ರಮಾಣದ ಮಾತು ಬೇರೆಯಾದರೂ, ಹಬ್ಬದ ದಿನ ಉಳಿದ ಪುಳಿಯೋಗರೆಯನ್ನು ನಾಯಿಯ ತಟ್ಟೆಗೆ ಸುರಿಯುವ ನಮ್ಮ ಮನೆಗಳವರು ಅದಕ್ಕೆ ಮೊಸರನ್ನವನ್ನೇ ಹಾಕುವುದು ಲೇಸು.